ರಬ್ಬರಿನ ಕಾಗದದ ಅಂಗಿ

ನನಗೆ ಗಿಟಾರ್ ನುಡಿಸಲು ಬರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದನ್ನು ಓದಿದ ಮೇಲೆ ಯಾರಾದರೂ ಮದುವೆ ಮನೆಯಲ್ಲಿ ನನ್ನ ಕೈಗೆ ಒಂದನ್ನು ಕೊಟ್ಟುಬಿಟ್ಟಾರು. ನಮ್ಮ ಕೆಲವು ಮನೆಗಳಲ್ಲಿ ಗಿಟಾರ್ ಎಂದರೆ ಹುಬ್ಬು ಮೇಲೇರುತ್ತದೆ ಎಂಬುದೂ ಗೊತ್ತು. ಆ ಚರ್ಚೆ ಇಲ್ಲಿ ಬೇಡ. ನಾನು ಬರೆಯುತ್ತಿರುವುದು ಇನ್ನೊಬ್ಬ ನನ್ನನ್ನು ನಂಬಿ ಬಿಟ್ಟುಹೋದ ಗಿಟಾರನ್ನು ನಾನು ಬಹಳ ಜೋಪಾನವಾಗಿ ನೋಡಿಕೊಂಡು ಹಾಳುಮಾಡಿದ ಕತೆ.

2020ರಲ್ಲಿ ನಾನು ಶಾರ್ಜಾದಲ್ಲಿದ್ದೆ. ಪಂಪು, ಹೈಡ್ರಾಲಿಕ್ ಜಾಕು ಬಿಚ್ಚಿ ಸರಿಮಾಡುವ ವರ್ಕ್‌ಶಾಪಿನಲ್ಲಿ ಕೆಲಸ. ರೂಮಿನಲ್ಲಿ ನಾವು ನಾಲ್ಕು ಜನ. ನಾನು, ಕುಂಬಳೆಯವರೊಬ್ಬರು, ಕಣ್ಣೂರಿನವರೊಬ್ಬರು, ಮತ್ತೆ ಮಡಗಾಂವ್ ಕಡೆಯ ಒಬ್ಬ ಎಲೆಕ್ಟ್ರಿಷಿಯನ್. ಗೋವಾದ ಈ ಗೆಳೆಯನ ಹತ್ತಿರ ಒಂದು ಹಳೆಯ ಗಿಟಾರ್ ಇತ್ತು. ಅವನ ತಂದೆ ಹಡಗಿನಲ್ಲಿ ಸ್ಟುವರ್ಡ್ ಆಗಿದ್ದವರು. 1970ರ ದಶಕದಲ್ಲಿ ಹಡಗು ಅಮೆರಿಕದ ಬಂದರೊಂದರಲ್ಲಿ ನಿಂತಾಗ ಅಲ್ಲೇ ಕೊಂಡ, ಅಲ್ಲಿಯದೇ ತಯಾರಿಯ ಗಿಟಾರ್. ತಂದೆ ತೀರಿಕೊಂಡ ಮೇಲೆ ಇವನಿಗೆ ಬಂತು. ಜೇನಿನ ಬಣ್ಣ. ಬೆರಳಿಟ್ಟರೆ ಗಾಜಿನ ಹಾಗೆ ತಣ್ಣಗಿರದೆ, ಮರದ್ದೇ ತೊಗಲನ್ನು ಮುಟ್ಟಿದ ಹಾಗೆ ಇರುತ್ತಿತ್ತು. ಶುಕ್ರವಾರ ಸಂಜೆ ಅವನು ನುಡಿಸುವಾಗ ನಾವು ಮೀನು ಹುರಿಯುತ್ತಾ ಕೇಳುತ್ತಿದ್ದೆವು.

ಲಾಕ್‌ಡೌನಿನಲ್ಲಿ ಅವನ ಕೆಲಸ ಹೋಯಿತು. ವಂದೇ ಭಾರತ್ ವಿಮಾನಕ್ಕೆ ಹೆಸರು ಬರೆಸಿ ಕಾದು ಕಾದು, ಜುಲೈಯಲ್ಲಿ ಸೀಟು ಸಿಕ್ಕಿದ್ದು ಹೊರಡುವ ಎರಡು ದಿನ ಮೊದಲು. ಅಷ್ಟು ದೊಡ್ಡ ಪೆಟ್ಟಿಗೆಯನ್ನು ಹೊತ್ತುಕೊಂಡು, ಮೈತುಂಬಾ ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು, ಆಮೇಲೆ ಎಲ್ಲೋ ಕ್ವಾರಂಟೈನ್ ಬೇರೆ. ಗಿಟಾರಿನ ಪೆಟ್ಟಿಗೆಯನ್ನು ನನ್ನ ಮಂಚದ ಕೆಳಗೆ ತಳ್ಳಿ, "ಆರು ತಿಂಗಳು. ಆಮೇಲೆ ಬರ್ತೇನೆ," ಅಂದ.

ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ಯಾವನೋ ಅಧಿಕಾರಿಯನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರ ಇಟ್ಟಿದ್ದಾರೆ ಎಂದರ್ಥ. ನಮ್ಮ ಮನೆಯಲ್ಲಿ ಆ ಪದ ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ. ಬಾಪನ ಅಂಗಡಿಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಊರಿನ ಹೆಂಗಸರು ಗಂಡಂದಿರಿಗೆ ಗೊತ್ತಾಗದ ಹಾಗೆ ಉಳಿಸಿದ ನೂರು, ಇನ್ನೂರು ಅದರಲ್ಲಿ ಇರುತ್ತಿತ್ತು. ಒಮ್ಮೆ ಹಾಲಿನವನಿಗೆ ಚಿಲ್ಲರೆ ಕೊಡಲು ಅದರಿಂದ ಹತ್ತು ರೂಪಾಯಿ ತೆಗೆದು, ಸಂಜೆಯೊಳಗೆ ವಾಪಸು ಹಾಕಿದ್ದಕ್ಕೂ ನನಗೆ ಬೈಗುಳ ಸಿಕ್ಕಿತ್ತು. ಅಮಾನತ್ತನ್ನು ಕೊಟ್ಟ ಹಾಗೇ ಕೊಡಬೇಕು, ಅಷ್ಟೆ.

ಹಾಗಾಗಿ ನಾನು ಗಿಟಾರನ್ನು ಚೆನ್ನಾಗಿ ನೋಡಿಕೊಳ್ಳಬೇಕು ಎಂದು ತೀರ್ಮಾನಿಸಿದೆ. ತಪ್ಪು ಶುರುವಾದದ್ದೇ ಅಲ್ಲಿ. ಪೆಟ್ಟಿಗೆಯೊಳಗೆ ಅದು ಉಸಿರುಕಟ್ಟಿ ಹಾಳಾದೀತು ಎನಿಸಿ, 35 ದಿರ್ಹಮ್ ಕೊಟ್ಟು ಒಂದು ಸ್ಟ್ಯಾಂಡ್ ತಂದೆ. ಕಬ್ಬಿಣದ ಮೂರು ಕಾಲು, ಕೆಳಗೆ ಗಿಟಾರಿನ ತಳ ಹೊರುವ ಎರಡು ಕೈ, ಮೇಲೆ ಕುತ್ತಿಗೆ ಒರಗಲು ಒಂದು ಕವೆ. ಕಬ್ಬಿಣ ತಾಗಬಾರದೆಂದು ಕೈಗೂ ಕವೆಗೂ ಕಪ್ಪು ಮೆತ್ತನೆಯ ಕೊಳವೆ ಹಾಕಿದ್ದರು. ಮುಟ್ಟಿ ನೋಡಿದೆ. ಎಷ್ಟು ಮೆತ್ತಗಿದೆ, ಎಷ್ಟು ಒಳ್ಳೆಯದು ಅಂದುಕೊಂಡೆ. ಕಿಟಕಿಯ ಪಕ್ಕ ನಿಲ್ಲಿಸಿ, ಫೋಟೋ ತೆಗೆದು ಅವನಿಗೆ ಕಳಿಸಿದೆ. ವಾರಕ್ಕೊಮ್ಮೆ ಬಟ್ಟೆಯಲ್ಲಿ ಮೇಲಿನ ಧೂಳು ಒರೆಸುತ್ತಿದ್ದೆ. ಎತ್ತಿ ನೋಡಲಿಲ್ಲ. ಎತ್ತಿದರೆ ಎಲ್ಲಿ ಬೀಳುತ್ತದೋ ಎಂಬ ಭಯ.

ನವೆಂಬರ್‌ನಲ್ಲಿ ರೂಮು ಗುಡಿಸುವಾಗ ಅದನ್ನು ಪಕ್ಕಕ್ಕಿಡಲು ಎತ್ತಿದೆ. ಒಂದು ಕ್ಷಣ ಸ್ಟ್ಯಾಂಡೂ ಜೊತೆಗೇ ಎದ್ದಿತು. ಆಮೇಲೆ, ಸೆಲೋಟೇಪ್ ಕಿತ್ತ ಹಾಗೆ, ಚಟ್ ಎಂದು ಬಿಟ್ಟುಕೊಂಡಿತು.

ತಳದಲ್ಲಿ ಎರಡು ಕಡೆ, ಹೆಬ್ಬೆರಳಿನಷ್ಟು ಜಾಗ ಕರಗಿ ಸುಕ್ಕುಗಟ್ಟಿತ್ತು. ಕಪ್ಪು ಅಂಟು ಅದರಲ್ಲಿ ಕೂತಿತ್ತು. ಕುತ್ತಿಗೆಯ ಹಿಂದೆ, ನುಡಿಸುವವನ ಹೆಬ್ಬೆರಳು ಓಡಾಡುವ ಜಾಗದಲ್ಲಿ, ಇನ್ನೊಂದು ಗುರುತು. ಉಗುರು ಒತ್ತಿದರೆ ಉಗುರಿನ ಗೆರೆ ಮೂಡುವಷ್ಟು ಮೆತ್ತಗೆ. ಆಗ ನಾನು ಏನು ಮಾಡಿದೆ ಗೊತ್ತೇ? ಅದು 2020. ಎಲ್ಲರ ಜೇಬಿನಲ್ಲೂ ಸ್ಯಾನಿಟೈಸರ್. ಅಂಟು ತಾನೇ, ಹೋಗುತ್ತದೆ ಎಂದು ಬಟ್ಟೆಗೆ ಸುರಿದು ಕುತ್ತಿಗೆಯನ್ನು ಉಜ್ಜಿದೆ. ಅಂಟು ಹೋಯಿತು, ಜೊತೆಗೆ ಹೊಳಪೂ ಹೋಯಿತು. ಹೆಬ್ಬೆರಳಿನಷ್ಟಿದ್ದ ಕಲೆ ಅಂಗೈಯಷ್ಟಗಲ ಮಬ್ಬಾಗಿ, ಹಾಲು ಚೆಲ್ಲಿ ಒಣಗಿದ ಹಾಗೆ ಬೆಳ್ಳಗಾಯಿತು.

ಗಿಟಾರನ್ನು ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದೆ. ಅವನು ಫೋನ್ ಮಾಡಿ "ಹೇಗಿದೆ ನನ್ನದು?" ಎಂದು ಕೇಳಿದಾಗ "ಆರಾಮಾಗಿದೆ" ಎಂದೆ. ಒಂದು ಸಲ ಅಲ್ಲ, ಮೂರು ಸಲ.

ಬಾಪನಿಗೆ ಹೇಳಿದ್ದು ಡಿಸೆಂಬರ್‌ನಲ್ಲಿ. ಉಪ್ಪಳದ ನಮ್ಮ ಫ್ಯಾನ್ಸಿ ಅಂಗಡಿಯಲ್ಲಿ ಬಳೆ, ಪೆನ್ನು, ಪುಸ್ತಕ, ನೇಲ್ ಪಾಲಿಶ್, ಶಾಲೆಗೆ ಬೇಕಾದ ಎಲ್ಲವೂ ಇತ್ತು. ವೀಡಿಯೋ ಕಾಲ್‌ನಲ್ಲಿ ನಾನು ಗಿಟಾರಿನ ಗುರುತು ತೋರಿಸಿದೆ. ಬಾಪ ಸ್ವಲ್ಪ ಹೊತ್ತು ನೋಡಿ, ಫೋನನ್ನು ಗಲ್ಲದ ಮೇಲಿಟ್ಟು ಎಲ್ಲಿಗೋ ಹೋದರು. ಮೂರು ನಿಮಿಷ ನನಗೆ ಅಂಗಡಿಯ ಫ್ಯಾನು ಮಾತ್ರ ಕಾಣುತ್ತಿತ್ತು. ವಾಪಸು ಬಂದಾಗ ಕೈಯಲ್ಲಿ ಯಾವುದೋ ಮಗು ಬಿಟ್ಟುಹೋಗಿದ್ದ ಹಳೆಯ ಕಂಪಾಸ್ ಬಾಕ್ಸ್. ಒಳಗೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲು, ಅದಕ್ಕೆ ಅಂಟಿಕೊಂಡ ಬಿಳಿ ರಬ್ಬರ್. ಕಿತ್ತು ತೋರಿಸಿದರು. ರಬ್ಬರ್ ಕೂತಿದ್ದ ಜಾಗದಲ್ಲಿ ಸ್ಕೇಲು ಕರಗಿ ಹಳ್ಳ ಬಿದ್ದಿತ್ತು. ಸೆಂಟಿಮೀಟರಿನ ಅಂಕಿಗಳು ಮಾಯ.

"ಮೋನೇ, ರಬ್ಬರಿಗೆ ಕಂಪನಿಯವ ಕಾಗದದ ಅಂಗಿ ಯಾಕೆ ಹಾಕಿ ಕಳಿಸ್ತಾನೆ ಅಂದುಕೊಂಡಿದ್ದೀ? ಚೆಂದಕ್ಕಾ?"

ನಾನು ಆ ಗಲ್ಲದ ಹಿಂದೆ ಕೂತು ಸಾವಿರಾರು ರಬ್ಬರ್ ಮಾರಿದವನು. ಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ. ದಿನಾ ಬೆಳಿಗ್ಗೆ ಪಂಪಿಗೆ ಓ-ರಿಂಗ್ ಹಾಕುವ ಮೊದಲು ಇದು ಯಾವ ಎಣ್ಣೆಗೆ, ಇದು ಯಾವ ರಬ್ಬರ್ ಎಂದು ಚಾರ್ಟ್ ನೋಡುವುದೇ ನನ್ನ ಕೆಲಸ. ಮಿನರಲ್ ಆಯಿಲ್ ಇರುವ ಕಡೆ ಇ.ಪಿ.ಡಿ.ಎಂ. ರಿಂಗ್ ಹಾಕಿದರೆ ಅದು ಊದಿಕೊಂಡು ಕೆಟ್ಟುಹೋಗುತ್ತದೆ, ನೈಟ್ರೈಲ್ ಹಾಕಬೇಕು ಎಂದು ಹೊಸ ಹುಡುಗರಿಗೆ ಪಾಠ ಹೇಳುವವನು ನಾನೇ. ಅದೇ ಪಾಠ ಮಂಚದ ಪಕ್ಕದಲ್ಲಿ ನಾಲ್ಕು ತಿಂಗಳು ನಿಂತಿದ್ದರೂ ಗುರುತಾಗಲಿಲ್ಲ.

ಕಾರಣ ಇಷ್ಟು. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಹುಟ್ಟಿನಿಂದ ಗಟ್ಟಿ; ಬಾವಿಯ ಪೈಪು ನೋಡಿ. ಅದನ್ನು ತೋಟಕ್ಕೆ ನೀರು ಬಿಡುವ ಮೆತ್ತನೆಯ ಪೈಪಾಗಿಯೋ, ರೆಕ್ಸಿನ್ ಆಗಿಯೋ, ಬಿಳಿ ರಬ್ಬರ್ ಆಗಿಯೋ ಮಾಡಬೇಕಾದರೆ ಎಣ್ಣೆಯಂಥ ದ್ರವವನ್ನು ಬೆರೆಸಬೇಕು. ಅದಕ್ಕೆ ಪ್ಲಾಸ್ಟಿಸೈಸರ್ ಎನ್ನುತ್ತಾರೆ. ಮೆತ್ತನೆಯ ಪಿ.ವಿ.ಸಿ.ಯಲ್ಲಿ ತೂಕದ ಮೂರನೇ ಒಂದು ಭಾಗದಷ್ಟು ಇದೇ ಇರುವುದುಂಟು. ಈ ಎಣ್ಣೆ ಪ್ಲಾಸ್ಟಿಕ್ಕಿನ ಜೊತೆ ರಾಸಾಯನಿಕವಾಗಿ ಕಟ್ಟಿಕೊಂಡಿರುವುದಿಲ್ಲ, ಒಳಗೆ ಸುಮ್ಮನೆ ಕೂತಿರುತ್ತದೆ. ಬಿಸಿ, ಒತ್ತಡ, ಸಮಯ ಮೂರೂ ಸಿಕ್ಕಿದರೆ ಹೊರಗೆ ಬರುತ್ತದೆ. ಹಳೆಯ ಬೈಕಿನ ಸೀಟು ಬಿರುಕು ಬಿಡುವುದರ ಹಿಂದೆಯೂ ಇದೇ ಇದೆ, ಒಳಗಿನ ಎಣ್ಣೆ ಹೋಗಿರುತ್ತದೆ. ಪಕ್ಕದಲ್ಲಿ ಅದನ್ನು ಹೀರಿಕೊಳ್ಳುವ ಇನ್ನೊಂದು ಪ್ಲಾಸ್ಟಿಕ್ ಇದ್ದರೆ ಸೀದಾ ಅದರೊಳಗೆ ಹೋಗಿ ಅದನ್ನೂ ಮೆತ್ತಗೆ ಮಾಡುತ್ತದೆ. ಕರೆಂಟಿನ ವಯರು ತಾಗಿದ ಥರ್ಮೋಕೋಲ್ ಕರಗುವುದನ್ನು ನೀವೂ ನೋಡಿರಬಹುದು.

ಹಾಗಾದರೆ ಗಿಟಾರಿನ ಮೇಲಿದ್ದದ್ದು ಏನು? ನೈಟ್ರೋಸೆಲ್ಯುಲೋಸ್ ಲ್ಯಾಕರ್. ಹತ್ತಿಯನ್ನು ನೈಟ್ರಿಕ್ ಆಸಿಡ್, ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಸಂಸ್ಕರಿಸಿ, ಥಿನ್ನರ್‌ನಲ್ಲಿ ಕರಗಿಸಿ ಮಾಡುವ ಪಾಲಿಶ್. ಹೆಸರು ದೊಡ್ಡದು, ಆದರೆ ನಿಮ್ಮ ಮನೆಯಲ್ಲೇ ಇದೆ. ನೇಲ್ ಪಾಲಿಶ್‌ನ ಮುಖ್ಯ ವಸ್ತುವೂ ಇದೇ. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಇದೇ ಜಾತಿಯ ಬಣ್ಣವನ್ನು ಡ್ಯೂಕೋ ಎಂಬ ಹೆಸರಿನಲ್ಲಿ ಕಾರುಗಳಿಗೆ ತಂದಿತು. ನಮ್ಮ ಬಡಗಿಗಳು ಕಪಾಟಿಗೆ ಸ್ಪ್ರೇ ಬಣ್ಣ ಹೊಡೆಸುವಾಗ ಇವತ್ತಿಗೂ "ಡ್ಯೂಕೋ" ಎನ್ನುವುದು ಅಲ್ಲಿಂದ ಬಂದದ್ದು. ಗಿಟಾರಿನವರೂ ಅದನ್ನೇ ಹಿಡಿದರು. ಗಿಬ್ಸನ್, ಮಾರ್ಟಿನ್‌ನಂಥ ಹಳೆಯ ಹೆಸರುಗಳು ತಮ್ಮ ಅಮೆರಿಕದಲ್ಲಿ ತಯಾರಾಗುವ ಗಿಟಾರುಗಳಿಗೆ ಈಗಲೂ ಇದನ್ನು ಬಿಟ್ಟಿಲ್ಲ. ಫೆಂಡರ್ 1960ರ ದಶಕದ ಕೊನೆಗೆ ಬಹುಪಾಲು ಪಾಲಿಯೆಸ್ಟರ್‌ಗೆ ಹೋಯಿತು. ನೈಟ್ರೋ ಪದರ ತೆಳ್ಳಗೆ ಹರಡುತ್ತದೆ, ವಯಸ್ಸಾದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದರಿಂದ ನಾದ ಚೆನ್ನಾಗುತ್ತದೆ ಎಂದು ಹೇಳುವವರೂ ಇದ್ದಾರೆ, ಅದು ನುಡಿಸುವವರ ಜಗಳ, ನನ್ನದಲ್ಲ.

ಎಂಜಿನಿಯರಿಂಗ್ ದೃಷ್ಟಿಯಲ್ಲಿ ಮುಖ್ಯವಾದದ್ದು, ಈ ಲ್ಯಾಕರ್ ಒಣಗುತ್ತದೆ, ಆದರೆ ಬೇಯುವುದಿಲ್ಲ. ಪಾಲಿಯೆಸ್ಟರ್, ಪಾಲಿಯುರಿಥೇನ್ ಎಲ್ಲ ಬೆಂದ ಮೊಟ್ಟೆಯ ಹಾಗೆ, ಒಮ್ಮೆ ಗಟ್ಟಿಯಾದರೆ ಹಿಂದಕ್ಕಿಲ್ಲ. ನೈಟ್ರೋ ಬೆಲ್ಲದ ಹಾಗೆ. ಐವತ್ತು ವರ್ಷ ಕಳೆದರೂ ಸರಿಯಾದ ದ್ರವ ತಾಗಿದರೆ ಮತ್ತೆ ಕರಗುತ್ತದೆ. ತಂಗಿ ಉಗುರಿನ ಬಣ್ಣವನ್ನು ಅಸಿಟೋನ್‌ನಲ್ಲಿ ಒರೆಸುವ ಹಾಗೆ. ಸ್ಯಾನಿಟೈಸರಿನ ಆಲ್ಕೊಹಾಲೂ ಅದನ್ನು ಕೆಡಿಸುತ್ತದೆ. ಸುಮಾರು ಎರಡು ಕಿಲೋ ತೂಕ, ಮೂರೇ ಮೂರು ಸಣ್ಣ ಜಾಗದ ಮೇಲೆ, ಶಾರ್ಜಾದ ಬೇಸಗೆಯಲ್ಲಿ, ಹಗಲು ಎ.ಸಿ. ಬಂದ್ ಮಾಡಿದ ರೂಮಿನ ಕಿಟಕಿಯ ಪಕ್ಕ. ಪ್ರಯೋಗಶಾಲೆಯಲ್ಲಿ ಬೇಕೆಂದೇ ಮಾಡಿದರೂ ಇದಕ್ಕಿಂತ ಚೆನ್ನಾಗಿ ಮಾಡಲು ಆಗುತ್ತಿರಲಿಲ್ಲ.

ಬಾಪ ಇನ್ನೊಂದು ಮಾತು ಹೇಳಿದರು. "ಗಿಟಾರ್ ಆಮೇಲೆ ಸರಿ ಮಾಡು. ಮೊದಲು ಅವನಿಗೆ ಹೇಳು." ಹೇಳಲಿಲ್ಲ. ಜನವರಿ ಕಳೆಯಿತು, ಆರು ತಿಂಗಳೂ ಕಳೆಯಿತು, ಅವನು ಬರಲಿಲ್ಲ. ಅಲ್ಲೇ ಊರಲ್ಲಿ ಕೆಲಸ ಹಿಡಿದಿದ್ದ.

ಆ ದಿನಗಳಲ್ಲಿ ನಾನು ಓದಿ, ಕೇಳಿ, ಪರೀಕ್ಷೆ ಮಾಡಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ, ಯಾಕೆಂದರೆ ಈಗ ನಮ್ಮ ಮನೆಗಳ ಮಕ್ಕಳೂ ಗಿಟಾರ್ ಹಿಡಿಯುತ್ತಿದ್ದಾರೆ. ಮೊದಲು, ಎಲ್ಲರೂ ಹೆದರಬೇಕಾಗಿಲ್ಲ. ಐದಾರು ಸಾವಿರಕ್ಕೆ ಸಿಗುವ ಗಿಟಾರುಗಳ ಮೇಲೆ ಸಾಮಾನ್ಯವಾಗಿ ಇರುವುದು ಬೇಯುವ ಜಾತಿಯ ಪಾಲಿಶೇ, ಸ್ಟ್ಯಾಂಡಿನಿಂದ ಅದು ಕರಗುವುದಿಲ್ಲ. ಆದರೆ ತಿಳಿ ಬಣ್ಣದ್ದಾದರೆ ರಬ್ಬರಿನ ಒಳಗಿನ ರಾಸಾಯನಿಕಗಳಿಂದ ಹಳದಿ ಕಲೆ ಬೀಳಬಹುದು. ಬೈಕ್ ನಿಲ್ಲಿಸಿದ ಟೈಲ್ಸ್ ಮೇಲೆ ಟಯರಿನ ಕಂದು ಗುರುತು ಉಳಿಯುತ್ತದಲ್ಲ, ಹಾಗೆ. ಎಷ್ಟು ಉಜ್ಜಿದರೂ ಹೋಗದು. ಯಾವ ಪಾಲಿಶ್ ಎಂದು ತಿಳಿಯಬೇಕಾದರೆ, ಬೆಲ್ಟ್ ಸಿಕ್ಕಿಸುವ ಗುಂಡಿಯನ್ನು ಬಿಚ್ಚಿ, ಅದರಡಿಯ ಕಾಣದ ಜಾಗಕ್ಕೆ ಹತ್ತಿಯ ಕಡ್ಡಿಯಲ್ಲಿ ಒಂದೇ ಒಂದು ಚುಕ್ಕಿ ಅಸಿಟೋನ್. ಅಂಟಂಟಾದರೆ ಕರಗುವ ಜಾತಿ. ಬೆಲೆಬಾಳುವ ಹಳೆಯ ಗಿಟಾರ್ ಆದರೆ ಈ ಸಾಹಸವೂ ಬೇಡ, ನೈಟ್ರೋ ಎಂದೇ ಇಟ್ಟುಕೊಳ್ಳಿ.

ಸ್ಟ್ಯಾಂಡಿಗೆ ಹತ್ತಿಬಟ್ಟೆ ಸುತ್ತಬೇಕು. ನಮ್ಮ ಮನೆಗಳಲ್ಲಿ ಇದಕ್ಕೆ ಬರವಿಲ್ಲ, ಹತ್ತಾರು ಸಲ ಒಗೆದು ಗಂಜಿ ಹೋದ ಹಳೆಯ ಬಿಳಿ ಮುಂಡು ಬೇಕಾದಷ್ಟು ಸಿಗುತ್ತದೆ. ಬಿಳಿಯೇ ಆಗಬೇಕು, ಬಣ್ಣದ ಬಟ್ಟೆಯ ಬಣ್ಣವೂ ಮೆತ್ತಗಿನ ಲ್ಯಾಕರಿಗೆ ಇಳಿಯಬಹುದು. ಎರಡು ಮೂರು ಸುತ್ತು ಸುತ್ತಿ ನೂಲಿನಲ್ಲಿ ಕಟ್ಟಿ. ನಾನು ಮೊದಲ ಸಲ ಸುತ್ತಿ, ಬಿಗಿಯಾಗಿರಲಿ ಎಂದು ರಬ್ಬರ್ ಬ್ಯಾಂಡ್ ಹಾಕಿದ್ದೆ. ಬುದ್ಧಿ ಬರುವುದು ನಿಧಾನ. ಬಟ್ಟೆಯೂ ಕೋಟೆಗೋಡೆಯಲ್ಲ, ತಿಂಗಳುಗಟ್ಟಲೆ ಒತ್ತಿಕೊಂಡಿದ್ದರೆ ಎಣ್ಣೆ ಅದರ ಮೂಲಕವೂ ದಾಟುತ್ತದೆ. ಆಗಾಗ ಎತ್ತಿ ನೋಡಿ, ಬಟ್ಟೆ ಬದಲಿಸಿ. ಸಾಧ್ಯವಾದರೆ ಆ ಕಪ್ಪು ಕೊಳವೆಯನ್ನೇ ಬ್ಲೇಡಿನಲ್ಲಿ ಸೀಳಿ ತೆಗೆದು, ಕಬ್ಬಿಣದ ಮೇಲೆ ದಪ್ಪ ಉಣ್ಣೆಯ ಫೆಲ್ಟ್ ಸುತ್ತುವುದು ಇನ್ನೂ ಮೇಲು. "ಮೆತ್ತಗಿದೆ" ಎಂದಮಾತ್ರಕ್ಕೆ ನಂಬಬಾರದು. ಕೊಳವೆಯನ್ನು ಮೆತ್ತಗೆ ಮಾಡಿದ್ದೇ ಗಿಟಾರನ್ನು ಕರಗಿಸಿದ್ದು.

ಗೋಡೆಗೆ ನೇತುಹಾಕುವ ಹ್ಯಾಂಗರಿನ ಕತೆಯೂ ಇದೇ. ಅಲ್ಲಿ ಇಡೀ ತೂಕ ತಲೆಯ ಕೆಳಗಿನ ಎರಡು ಬೆರಳಿನಷ್ಟು ಜಾಗದ ಮೇಲೆ ಬೀಳುತ್ತದೆ, ಹಾಗಾಗಿ ಒತ್ತಡ ಇನ್ನೂ ಹೆಚ್ಚು. ನಮ್ಮ ಕರಾವಳಿಯಲ್ಲಿ ಇನ್ನೊಂದು ಉಪದ್ರವ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಡಿಯುವ ಗೋಡೆ ಒಳಗಿನಿಂದ ಬೆವರುತ್ತದೆ. ಹೊರಗೋಡೆಗೆ ಬೇಡವೇ ಬೇಡ. ಬಟ್ಟೆಯೂ ತೇವ ಹೀರುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರುವ ಮುಂಚೆ ಬಿಚ್ಚಿ ಒಣಗಿಸಬೇಕು. ದಿನಾ ನುಡಿಸದ ಗಿಟಾರಿಗೆ ಅದರ ಪೆಟ್ಟಿಗೆಯೇ ಒಳ್ಳೆಯ ಜಾಗ. ಆದರೆ ಪೆಟ್ಟಿಗೆಯೊಳಗೆ ರೆಕ್ಸಿನ್ ಬೆಲ್ಟನ್ನು ಗಿಟಾರಿನ ಮೇಲೆ ಸುತ್ತಿಡುವುದು, ರಬ್ಬರ್ ಇರುವ ಕೇಪೋವನ್ನು ತಲೆಗೆ ಕಚ್ಚಿಸಿಯೇ ಬಿಡುವುದು ಬೇಡ. ಸೊಳ್ಳೆಗೆಂದು ಡೀಟ್ ಇರುವ ಕ್ರೀಮು ಹಚ್ಚಿಕೊಂಡ ಕೈಯಲ್ಲಿ ಮುಟ್ಟುವುದೂ ಬೇಡ, ಅದು ಲ್ಯಾಕರನ್ನು ಸ್ಯಾನಿಟೈಸರಿನ ಹಾಗೇ ತಿನ್ನುತ್ತದೆ.

ಅದರ ಸ್ವಂತ ಪೆಟ್ಟಿಗೆಯಲ್ಲೇ, ನನ್ನ ಮಂಚದ ಕೆಳಗೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಈ ಮಾತು ನನ್ನನ್ನು ಬಹಳ ದಿನ ಕೊರೆಯಿತು.

2021ರ ಅಕ್ಟೋಬರ್‌ನಲ್ಲಿ ರಜೆಗೆ ಊರಿಗೆ ಬಂದೆ. ಗಿಟಾರನ್ನು ವಿಮಾನದ ಸರಕಿಗೆ ಹಾಕುವ ಮೊದಲು ತಂತಿ ಸಡಿಲಿಸಿ, ಪೆಟ್ಟಿಗೆಯೊಳಗೆ ಅದು ಅಲುಗದ ಹಾಗೆ ಟವೆಲ್ ತುರುಕಿದ್ದೆ. ವಾರದ ಬಳಿಕ ಮಂಗಳೂರಿನಿಂದ ರೈಲು ಹತ್ತಿ ಮಡಗಾಂವ್‌ಗೆ ಹೊರಟೆ. ಉಮ್ಮ ಅವನ ಮನೆಗೆಂದು ಒಂದು ಡಬ್ಬಿ ಹಲ್ವ ಕಟ್ಟಿಕೊಟ್ಟರು. ಕಾರವಾರದವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದೆ. ಕೊಂಕಣಿ ಬಾರದು, ನಮ್ಮಿಬ್ಬರ ಮಾತು ರೂಮಿನ ಹಿಂದಿ. ಆ ಹಿಂದಿಯಲ್ಲಿ ಮೀನಿನ ರೇಟು ಕೇಳಬಹುದು, ತಪ್ಪು ಒಪ್ಪಿಕೊಳ್ಳುವಷ್ಟು ವ್ಯಾಕರಣ ಅದರಲ್ಲಿಲ್ಲ.

ಮನೆಯ ಜಗಲಿಯಲ್ಲಿ ಅವನು ಪೆಟ್ಟಿಗೆ ಬಿಚ್ಚುವ ಮೊದಲೇ ಹೇಳಿದೆ. ಸ್ಟ್ಯಾಂಡು, ನಾಲ್ಕು ತಿಂಗಳು, ಸ್ಯಾನಿಟೈಸರ್, ಮೂರು ಸಲ ಹೇಳಿದ ಸುಳ್ಳು. ಅವನು ಮಾತಾಡಲಿಲ್ಲ. ಗಿಟಾರ್ ತೆಗೆದು, ತಿರುಗಿಸಿ, ತಳದ ಎರಡು ಗುರುತಿನ ಮೇಲೆ ಬೆರಳಾಡಿಸಿದ. ಕುತ್ತಿಗೆಯ ಮಬ್ಬನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಅಮ್ಮ ಒಳಗಿನಿಂದ ಬಂದು ಹಲ್ವದ ಡಬ್ಬಿ ತೆಗೆದುಕೊಂಡು ಹೋದರು. ಅವನಿಗೆ ಸಿಟ್ಟು ಬಂದಿತ್ತು. "ಗಿಟಾರ್ ಹೋಗಲಿ, ಆರಾಮಾಗಿದೆ ಅಂತ ಯಾಕೆ ಹೇಳಿದೆ?" ಎಂದು ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆ ಸಂಜೆ ಊಟಕ್ಕೆ ಕೂತಾಗಲೂ ಅವನು ಹೆಚ್ಚು ಮಾತಾಡಲಿಲ್ಲ.

ಮರುದಿನ ಇಬ್ಬರೂ ಅವನಿಗೆ ಗೊತ್ತಿದ್ದ ಒಬ್ಬ ರಿಪೇರಿಯವರ ಬಳಿ ಹೋದೆವು. ವಯಸ್ಸಾದವರು. ಉಗುರಿನಲ್ಲಿ ಒತ್ತಿ ನೋಡಿ, ಕರಗಿ ಮೆತ್ತಗಾದ ಭಾಗವನ್ನು ಮೊದಲು ಪೂರ್ತಿ ಹೆರೆದು ತೆಗೆಯಬೇಕು, ಒಳಗೆ ಸೇರಿದ ಎಣ್ಣೆ ಒಣಗುವ ಜಾತಿಯದಲ್ಲ, ಅದರ ಮೇಲೆ ಹಚ್ಚಿದರೆ ಹೊಸದೂ ಮೆತ್ತಗಾಗುತ್ತದೆ ಎಂದರು. ಆಮೇಲೆ ಹೊಸ ಲ್ಯಾಕರನ್ನು ಹನಿಹನಿಯಾಗಿ ತುಂಬಿ, ವಾರಗಟ್ಟಲೆ ಒಣಗಲು ಬಿಟ್ಟು, ಸಮತಟ್ಟು ಮಾಡಿ ಹೊಳಪು ಕೊಡಬೇಕು. ಹೊಸದು ಹಳೆಯ ಪದರವನ್ನು ಅಂಚಿನಲ್ಲಿ ಸ್ವಲ್ಪ ಕರಗಿಸಿ ಅದರೊಳಗೇ ಸೇರಿಕೊಳ್ಳುತ್ತದೆ, ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಪಾಲಿಯೆಸ್ಟರಿನಲ್ಲಿ ಹೀಗೆ ಬೆರೆಯುವುದಿಲ್ಲವಂತೆ, ತೇಪೆ ತೇಪೆಯಾಗಿಯೇ ಉಳಿಯುತ್ತದೆ. ಕರಗುವ ಗುಣದಿಂದಲೇ ಕೆಟ್ಟಿತು, ಅದರಿಂದಲೇ ಸರಿಯೂ ಆಗುತ್ತದೆ ಎಂದು ಕೇಳಿದಾಗ ವರ್ಕ್‌ಶಾಪಿನವನಾದ ನನಗೆ ಆ ಹೊತ್ತಿನಲ್ಲೂ ಸ್ವಲ್ಪ ಖುಷಿಯಾಯಿತು.

ದುಡ್ಡು ನಾನು ಕೊಟ್ಟೆ, ಅವನು ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ಆದರೆ ಕುತ್ತಿಗೆಯದ್ದನ್ನು ಮಾತ್ರ ಸರಿಮಾಡಿಸಿದ. ತಳದ ಎರಡು ಗುರುತು ಹಾಗೇ ಇರಲಿ ಎಂದ. ಗಿಟಾರಿನ ಬೆನ್ನಲ್ಲಿ ಅವನ ತಂದೆಯ ಬೆಲ್ಟಿನ ಕೊಂಡಿ ಗೀರಿದ ಗೆರೆಗಳಿವೆ, ತಂತಿಯ ತುದಿಯ ಹತ್ತಿರ ಒಂದು ಸಿಗರೇಟಿನ ಕಪ್ಪಿದೆ. ಅವನ್ನೂ ಯಾರೂ ಅಳಿಸಿಲ್ಲ.

ಈಗ ನಾನು ಊರಲ್ಲೇ ಇದ್ದೇನೆ. ಅಕ್ಕನ ಮಗನಿಗೆ ಕಳೆದ ವರ್ಷ ಒಂದು ಗಿಟಾರ್ ಬಂತು, ಪಾಲಿಯೆಸ್ಟರ್ ಪಾಲಿಶಿನದ್ದು, ಏನೂ ಆಗದು ಎಂದು ನನಗೆ ಗೊತ್ತು. ಆದರೂ ಶಾರ್ಜಾದಿಂದ ತಂದ ಅದೇ ಸ್ಟ್ಯಾಂಡಿನ ಕಪ್ಪು ಕೊಳವೆ ಸೀಳಿ ತೆಗೆದು, ಬಾಪನ ಹಳೆಯ ಮುಂಡು ಸುತ್ತಿ, ಉಮ್ಮನ ಹೊಲಿಗೆಯ ನೂಲಿನಲ್ಲಿ ಕಟ್ಟಿ ಕೊಟ್ಟೆ. ಗೋವಾದವನಿಗೆ ಅದರ ಫೋಟೋ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ಬಟ್ಟೆಯ ಗಂಟು ಗಿಟಾರಿನ ಕಡೆಗಿದೆ, ಹಿಂದಕ್ಕೆ ತಿರುಗಿಸು.